ಮಸಿ ಹಿಡಿದ ಗಾಜು

ನಮ್ಮ ಹೊಲಿಗೆ ಅಂಗಡಿಯ ಕಿಟಕಿಗೆ ಕಲ್ಲೆಸೆದು ನುಗ್ಗಿದ ಕಳ್ಳರು ಮೆಷಿನ್ ಹೊತ್ತೊಯ್ದು ಬೆಂಕಿ ಹಚ್ಚಿದ್ದಾರೆಂದೇ ನಂಬಿದ್ದೆ. ಸಿಕ್ಕರೆ ಸಿಗಿದುಹಾಕುತ್ತೇನೆ ಎಂದು ಕುದಿಯುತ್ತಿದ್ದೆ. ತನಿಖೆಗೆ ಬಂದ ಪೊಲೀಸ್ ಮೇಡಂ ಕಿಟಕಿಯ ಚೂರುಗಳನ್ನು ಚಿಮುಟದಿಂದ ಎತ್ತಿ ಡಬ್ಬಿಗೆ ಹಾಕುತ್ತಿದ್ದರು.

“ಕಳ್ಳರನ್ನ ಹಿಡೀರಿ ಅಂದ್ರೆ ಗಾಜು ಆರಿಸ್ತಾ ಕೂತಿದ್ದೀರಲ್ಲ!” ಎಂದು ರೇಗಿದೆ.

“ಇಲ್ನೋಡಪ್ಪ, ಚೂರಿನ ಒಳಮೈಗೆಲ್ಲ ಮಸಿ. ಹೊಗೆ ತುಂಬಿದ ಮೇಲೆ ಕಲ್ಲು ಬಿದ್ದಿದೆ. ಬಾಗಿಲ ಬೀಗವೂ ಒಡೆದಿಲ್ಲ. ಬೆಂಕಿ ಹಚ್ಚಿದವನು ಬೀಗ ತೆಗೆದೇ ಒಳಗೆ ಬಂದಿದ್ದಾನೆ. ಬೀಗದ ಕೈ ಯಾರ ಹತ್ರ ಇದೆ?”

ಇದ್ದದ್ದು ಎರಡೇ. ಒಂದು ನನ್ನ ಜೇಬಿನಲ್ಲಿತ್ತು, ಇನ್ನೊಂದು ಅಣ್ಣನ ಹತ್ತಿರ. ಅವನು ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

“ಅಣ್ಣಾ, ಸುಳ್ಳು ಅಂತ ಹೇಳೋ!”

“ವಿಮೆ ಬಂದ್ರೆ ದೊಡ್ಡ ಅಂಗಡಿ ಮಾಡೋಣ ಅಂತ ಕಣೋ,” ಎಂದು ಅತ್ತ. “ನಿನ್ನ ಮೆಷಿನ್ ಸುಟ್ಟಿಲ್ಲ, ಎತ್ತಿಟ್ಟಿದ್ದೀನಿ.”

ಸಿಗಿಯಲೆಂದು ಎತ್ತಿದ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.