ದೊಡ್ಡಕ್ಕನ ಸತು

ಡಬ್ಬಿಯ ಮುಚ್ಚಳ ತೆಗೆದ ಸೊಸೆ ಹಾಗೇ ನಿಂತುಬಿಟ್ಟಳು. ಮರಿ ಹಾಕುವವರೆಗೆ ಪುಡಿ ಸಾಕಾಗುತ್ತದೋ ಇಲ್ಲವೋ ನೋಡೋಣವೆಂದು ತೆಗೆದದ್ದು. ಒಳಗಿನ ಬೆಳ್ಳಿ ಕಾಗದ ಹರಿದೇ ಇರಲಿಲ್ಲ.

ಹದಿನೆಂಟು ದಿನದಿಂದ ದೊಡ್ಡಕ್ಕನ ಮೇವಿಗೆ ಬೀಳುತ್ತಿದೆ ಎಂದು ಅವಳು ನಂಬಿದ್ದ ಸತುವಿನ ಪುಡಿ ಅದು. ದೊಡ್ಡಕ್ಕ ಎಂದರೆ ಆ ಕೊಟ್ಟಿಗೆಯ ಹಿರಿಯ ಹಂದಿ. ಮದುವೆಯಾಗಿ ಬಂದ ವಾರ ಹೊಸಬಳನ್ನು ಕಂಡು ಉಳಿದವೆಲ್ಲ ಮೂಲೆ ಸೇರಿದಾಗ, ಅವಳ ಮೊಣಕಾಲಿಗೆ ಮೂತಿ ಒರಗಿಸಿ ನಿಂತದ್ದು ಇದೊಂದೇ. ಕಳೆದ ಸಲ ಹನ್ನೆರಡು ಮರಿ ಹಾಕಿತ್ತು. ಒಂದೇ ವಾರದಲ್ಲಿ ಭೇದಿ ಹತ್ತಿ ಎಂಟು ಹೋದವು. ಆಗ ಮಾವ ಮುಖ ಬೇರೆ ಕಡೆ ತಿರುಗಿಸಿ ಹೇಳಿದ್ದರು: "ಇನ್ನೊಂದು ಸಲ ನೋಡೋಣ. ಆಗಲೂ ಹೀಗೇ ಆದ್ರೆ ಇದನ್ನ ಮಾರಿ ಕಳಿಸಿಬಿಡೋದೇ."

ಸತು ಕೊಟ್ಟು ನೋಡಿ ಎಂದವರು ದನದ ಡಾಕ್ಟರು. ಗಬ್ಬದ ಕೊನೆಯ ತಿಂಗಳು ತಾಯಿಗೆ ಕೊಟ್ಟರೆ ಮರಿಗಳ ಕರುಳು ಗಟ್ಟಿಯಾಗಬಹುದು. ಆದರೆ ದಿನಕ್ಕೆ ಒಂದೇ ಚಮಚ, ಹೆಚ್ಚಾದರೆ ವಿಷ. ಇಬ್ಬರೂ ಹಾಕಿಬಿಟ್ಟರೆ ಎಂಬ ಭಯಕ್ಕೆ ಮೇವು ಕಲಸುವ ಮಾವನೇ ಹಾಕಲಿ ಎಂದುಕೊಂಡಿದ್ದಳು. ದಿನಾ ಬೆಳಿಗ್ಗೆ ನೆಲ ತೊಳೆಯುತ್ತಲೇ ಕೂಗಿ ವಿಚಾರಿಸುತ್ತಿದ್ದಳು: "ಮಾವಾ, ದೊಡ್ಡಕ್ಕನ ಸತು?"

"ಆಯ್ತು!" ಎನ್ನುತ್ತಿದ್ದರು ಮಾವ.

ಈಗ ಡಬ್ಬಿ ಹಿಡಿದು ಓಡಿದಳು. "ಮಾವಾ, ದಿನಾ ಆಯ್ತು ಅಂತಿದ್ರಲ್ಲ!"

"ಹೂಂ. ನೀನು ಹಾಕ್ತೀನಿ ಅಂತ ಹೇಳ್ತಿದೀಯ ಅಂದ್ಕೊಂಡು ನಾನು ಆಯ್ತು, ಹಾಕಮ್ಮ ಅಂತಿದ್ದೆ."

"ನಾನು ಹಾಕಿದ್ರಾ ಅಂತ ಕೇಳ್ತಿದ್ದೆ!"

ಮಾವ ತೌಡಿನ ಕೈಯಲ್ಲೇ ಹಣೆ ಚಚ್ಚಿಕೊಂಡರು. ಹಣೆಯೆಲ್ಲ ತೌಡು. ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಇವತ್ತು ಬೆರಳು ಮಡಿಸಿ ದಿನ ಎಣಿಸಿದಳು. ಇನ್ನುಳಿದದ್ದು ಹನ್ನೆರಡೇ ದಿನ.

"ಮೂರು ಮೂರು ಚಮಚ ಹಾಕಿ ಸರಿದೂಗಿಸೋಣ್ವಾ?" ಮಾವನ ದನಿ ಸಣ್ಣದಾಗಿತ್ತು.

"ಅಯ್ಯೋ, ಬೇಡಿ! ಡಾಕ್ಟರನ್ನ ಕೇಳೋಣ."

ಅವಳು ಫೋನ್ ಹಚ್ಚುತ್ತಲೇ ಮಾವ ಕಸಿದುಕೊಂಡರು. "ಡಾಕ್ಟ್ರೇ, ತಪ್ಪು ನಂದು. ಕಿವಿ ಸ್ವಲ್ಪ ಮಂದ."

"ಇಲ್ಲ ಡಾಕ್ಟ್ರೇ, ನಾನೇ ಸರಿಯಾಗಿ ಕೇಳಲಿಲ್ಲ!" ಇವಳು ಪಕ್ಕದಿಂದ ಕೂಗಿದಳು. ಮಾವನ ಕಿವಿ ಎಷ್ಟು ಚುರುಕೆಂದು ಅವಳಿಗೆ ಗೊತ್ತಿಲ್ಲವೇ? ಪಕ್ಕದ ಮನೆಯವರು ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತಿತ್ತು.

"ಮೊದಲು ಇಬ್ಬರೂ ಜಗಳ ಮುಗಿಸ್ಕೊಳ್ಳಿ," ಎಂದರು ಡಾಕ್ಟರು. "ಹೋದದ್ದು ಹೋಯ್ತು. ಇವತ್ತಿಂದ ಒಂದೇ ಚಮಚ. ಹಾಸಿಗೆ ಒಣಗಿರಲಿ, ಮರಿ ಬಿದ್ದ ತಕ್ಷಣ ಗಿಣ್ಣುಹಾಲು ಕುಡೀಲಿ. ಅದೂ ಮದ್ದೇ."

ಅಂದಿನಿಂದ ಚಮಚವನ್ನು ಇಬ್ಬರೂ ಒಟ್ಟಿಗೆ ನಿಂತು ಹಾಕಿದರು; ಒಬ್ಬರು ಅಳೆಯುವುದು, ಒಬ್ಬರು ನೋಡುವುದು. ದೊಡ್ಡಕ್ಕ, ತನಗೇನಿದು ಮೆರವಣಿಗೆ ಎಂಬಂತೆ ಕಿವಿ ಅಲ್ಲಾಡಿಸಿ ತಿನ್ನುತ್ತಿತ್ತು.

ಹದಿಮೂರನೆಯ ದಿನ ಹನ್ನೊಂದು ಮರಿ. ಹುಟ್ಟಿದ ಮೂರನೆಯ ದಿನಕ್ಕೆ ಒಂದು ಮರಿಯ ಬಾಲದಡಿ ಒದ್ದೆಯಾಗಿದ್ದದ್ದು ಕಂಡು ಸೊಸೆ ಫೋನಿಗೆ ಓಡಿದಳು. ಡಾಕ್ಟರು ಬಂದು ಔಷಧಿ ಕೊಟ್ಟರು. ಮಾವ ತಮ್ಮ ಉಣ್ಣೆಯ ಟೋಪಿಯೊಳಗೆ ಮರಿಯನ್ನಿಟ್ಟು ಬಿಸಿಲಿನ ಕಿಟಕಿ ಹತ್ತಿರ ಕೂತರು; ಅದನ್ನು ಹಾಲಿಗೆ ಬಿಡುವುದಕ್ಕಲ್ಲದೆ ಎದ್ದವರೇ ಅಲ್ಲ. ಟೋಪಿ ಮತ್ತೆ ತಲೆಗೇರುವ ಸ್ಥಿತಿಯಲ್ಲಂತೂ ಉಳಿಯಲಿಲ್ಲ.

ಆ ಮರಿ ಚೇತರಿಸಿಕೊಂಡಿತು. ಇನ್ನೊಂದು, ಹುಟ್ಟುವಾಗಲೇ ಬಡಕಲಾಗಿದ್ದದ್ದು, ಹೋಯಿತು. ಎರಡು ವಾರ ಕಳೆದಾಗ ಹತ್ತು ಮರಿಗಳು ತಾಯಿಯ ಹೊಟ್ಟೆಯ ಮೇಲೆ ನೂಕುನುಗ್ಗಲು ಮಾಡುತ್ತಿದ್ದವು.

"ಸತುವಿನಿಂದಾನಾ ಡಾಕ್ಟ್ರೇ?" ಮರಿಗಳನ್ನು ನೋಡಲು ಬಂದವರನ್ನು ಸೊಸೆ ಕೇಳಿದಳು.

"ಹನ್ನೆರಡು ದಿನದ ಸತುವೋ, ಒಣಹುಲ್ಲೋ, ನಿಮ್ಮ ಮಾವನ ಟೋಪಿಯೋ, ನಾನು ಹೇಗೆ ಹೇಳಲಿ?" ಡಾಕ್ಟರು ಕೈ ತೊಳೆದು ಹೊರಟರು.

ಸೊಸೆ ಪೊರಕೆ ಹಿಡಿದೇ ಮಾವನ ಹತ್ತಿರ ಬಂದಳು. ಕೇಳಿಯೇಬಿಟ್ಟಳು: "ಮಾವಾ, ದೊಡ್ಡಕ್ಕ ಇಲ್ಲೇ ಇರಲಿ, ಅಲ್ವಾ?"

"ಆಯ್ತು."

"ಯಾವ ಆಯ್ತು?"

ಮಾವ ತೌಡಿನ ಬುಟ್ಟಿ ಕೆಳಗಿಟ್ಟು ಅವಳ ಕಡೆಗೇ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು: "ದೊಡ್ಡಕ್ಕ ಎಲ್ಲಿಗೂ ಹೋಗಲ್ಲ ಕಣಮ್ಮ. ಇಲ್ಲೇ ಇರ್ತಾಳೆ."

"ಆಯ್ತು," ಎಂದಳು ಸೊಸೆ.