ಬೆಸುಗೆಯ ಮೇಲೆ ಎಳೆದ ಗೆರೆ

ಬಾದಾಮಿ ಹಾಲು, ಪುಟ್ಟ ಗಾಜಿನ ಲೋಟದಲ್ಲಿ, ಮೇಲೆ ಎರಡೇ ಎರಡು ಕೇಸರಿ ಎಸಳು, ಬೆರಳಿಗೆ ತಣ್ಣಗೆ ಹತ್ತುತ್ತಿದೆ, ಕುಡಿದರೆ ಇನ್ನೊಂದು ತಂದಿಡುತ್ತಾರೆ, ಕುಡಿಯದಿದ್ದರೆ ಯಾಕೆ ಮೇಡಂ ಶುಗರ್ರಾ ಅಂತ ಕೇಳುತ್ತಾರೆ, ಚಿನ್ನದಂಗಡಿಯೋ ಬೀಗರ ಮನೆಯೋ, ನೆಹರೂ ರೋಡಿನ ಬಿಸಿಲೆಲ್ಲ ಗಾಜಿನ ಬಾಗಿಲಿನಾಚೆ ಉಳಿದು ಒಳಗೆ ಎಸಿಯ ಚಳಿ, ಈ ಚಳಿಯಲ್ಲೂ ಪುಷ್ಪಕ್ಕನ ಮೇಲ್ದುಟಿಯಲ್ಲಿ ಬೆವರು — ನೋಡಿದೆ, ಕಣ್ತುಂಬ ನೋಡಿದೆ, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ನನ್ನ ಗಂಡನ ಅಣ್ಣನ ಹೆಂಡತಿ, ಇಪ್ಪತ್ತೊಂದು ವರ್ಷದಿಂದ ನನ್ನ ಓರಗಿತ್ತಿ, ವಿನೋಬನಗರದ ಮಹಡಿಮನೆ ಪುಷ್ಪಕ್ಕ, ಹಬ್ಬಕ್ಕೆ ಹೋದರೆ ನನ್ನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಇದು ಸಿಂಥೆಟಿಕ್ಕಲ್ವೇನೇ ವಾಣಿ ಅನ್ನುವ ಪುಷ್ಪಕ್ಕ, ಇವತ್ತು ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದಳು, ಭದ್ರಾವತಿ ಬಸ್ಸಿಂದ ನಾನು ಇಳಿಯುವುದನ್ನೇ ಕಾಯುತ್ತ, ನನ್ನ ಬ್ಯಾಗು ತಾನೇ ಹಿಡಿದುಕೊಂಡಳು, ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ, ಆಟೋದಲ್ಲಿ ನನ್ನ ಮೊಣಕೈ ಬಿಡದೆ, ಡ್ರೈವರಿಗೆ ಕೇಳದ ಹಾಗೆ, ನೋಡು ಮಾರಾಯ್ತಿ, ನಿಮ್ಮ ಭಾವನ ಜಲ್ಲಿ ಕ್ರಷರ್ ನಿಂತು ಎಂಟು ತಿಂಗಳಾಯ್ತು, ಸಾವಿತ್ರಮ್ಮ ರಕ್ಷಾ ಮದುವೆ ಸರ ಆ ದೊಡ್ಡ ಅಂಗಡಿದೇ ಆಗ್ಬೇಕು ಅಂತಾರೆ, ನಮ್ಮ ಕೈಲಿ ಆಗಲ್ಲ ಅನ್ನೋಕೆ ನಂಗೆ ಬಾಯೇ ಬರಲ್ಲ, ನೀನು ಹೇಳಿದ್ರೆ ಕೇಳ್ತಾರೆ, ಬ್ರ್ಯಾಂಡ್ ಯಾಕೆ, ಭದ್ರಾವತೀಲಿ ನಮ್ಮ ಆಚಾರ್ರಿದ್ದಾರೆ, ಇದೇ ಡಿಸೈನು ಕೈಯಲ್ಲೇ ಮಾಡ್ಕೊಡ್ತಾರೆ, ಅಪ್ಪಟ ಚಿನ್ನ, ಅಂತ ನೀನೇ ಹೇಳು. ನಮ್ಮ ಆಚಾರ್ರಂತೆ! ಯಾವಾಗಿನಿಂದ ತಾಯೀ ನಿಮ್ಮ ಆಚಾರ್ರು? ನಾಲಿಗೆಗೆ ಎಲುಬಿಲ್ಲ ಅನ್ನುವುದು ಸುಮ್ಮನೆ ಅಲ್ಲ. ಆಟೋ ಗೋಪಿ ಸರ್ಕಲ್ಲಿನಲ್ಲಿ ನಿಂತಿತ್ತು, ಆಯ್ತಕ್ಕ, ನೋಡೋಣ ಅಂದೆ.

ಸಾವಿತ್ರಮ್ಮ ಆಯನೂರಿನವರು, ರಕ್ಷಾಳಿಗೆ ಅತ್ತೆಯಾಗುವವರು, ಈಗ ನನ್ನ ಎಡಕ್ಕೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ, ಹತ್ತು ವರ್ಷದಿಂದ ಬಸ್ ಹತ್ತಿ ಬಂದು ನನ್ನ ಹತ್ತಿರವೇ ಬ್ಲೌಸ್ ಹೊಲಿಸುವವರು, ವಾಣಿ ಟೇಪ್ ಹಿಡಿದರೆ ಮುಗೀತು ಅನ್ನುವವರು, ಈ ಸಂಬಂಧ ಕುದುರಿದ್ದೇ ನ್ಯೂಟೌನಿನ ನನ್ನ ಹೊಲಿಗೆ ಅಂಗಡಿಯಲ್ಲಿ, ನಿಮ್ಮ ಮೈದುನನ ಮಗಳೇನಮ್ಮ ಇವಳು ಅಂತ ಕೇಳಿದ್ದರು, ಅಲ್ಲ ಭಾವನ ಮಗಳು ಅಂದಿದ್ದೆ, ಒಳ್ಳೆ ಹುಡುಗಿ ಅಂದಿದ್ದೆ, ಅದು ನಿಜ, ರಕ್ಷಾ ನನ್ನ ಕಾಲ ಬಳಿ ಕೂತು ಬಟ್ಟೆ ಚೂರುಗಳಲ್ಲಿ ಬೊಂಬೆ ಹೊಲಿದವಳು, ಅಮ್ಮ ಬೈದರೆ ಚಿಕ್ಕಮ್ಮಾ ಅಂತ ಫೋನ್ ಮಾಡಿ ಅಳುವವಳು, ತಾಯಿಯ ಗುಣ ಒಂದೂ ಬಂದಿಲ್ಲ ಪುಣ್ಯಾತ್ಗಿತ್ತಿಗೆ. ಮೇಜಿನ ಆಚೆ ಕನ್ನಡಿಯ ಮುಂದೆ ಕೂತಿದ್ದಾಳೆ, ಅಂಗಡಿಯ ಹುಡುಗಿ, ಪುಷ್ಪಕ್ಕ ಬೆರಳಿಟ್ಟು ತೋರಿಸಿದ ಸರವನ್ನೆಲ್ಲ — ಅಲ್ಲ, ಸಾವಿತ್ರಮ್ಮ ತೋರಿಸಿದ್ದನ್ನು, ಪುಷ್ಪಕ್ಕನ ಬೆರಳು ಮಡಿಲಲ್ಲೇ ಇದೆ — ಒಂದಾದ ಮೇಲೊಂದು ಅವಳಿಗೆ ಹಾಕುತ್ತಿದ್ದಾಳೆ, ಇದು ಟೆಂಪಲ್ ಕಲೆಕ್ಷನ್ ಮೇಡಂ, ಇದು ಬ್ರೈಡಲ್, ಇದಕ್ಕೆ ಬೈಬ್ಯಾಕ್ ಇದೆ, ಕಡುಗೆಂಪು ಡಬ್ಬಿ ಇದರ ಜತೆಗೇ ಬರತ್ತೆ. ಡಬ್ಬಿ! ಸಾವಿತ್ರಮ್ಮನಿಗೆ ಬೇಕಾದದ್ದೂ ಆ ಡಬ್ಬಿಯೇ, ದೊಡ್ಡ ಸೊಸೆ ಆ ಡಬ್ಬಿ ತಂದಿದ್ದಾಳೆ, ಚಿಕ್ಕವಳೂ ತರಲಿ, ಜನ ಡಬ್ಬಿ ನೋಡಿ ಮಾತಾಡ್ತಾರೆ ವಾಣಿ, ನಾನೇನು ಮಾಡ್ಲಿ. ಗೋವಿನ ಹಾಗಿನ ಹೆಂಗಸು, ಮೋಸ ಗೊತ್ತಿಲ್ಲ, ನಂಬಿದರೆ ಪೂರ್ತಿ ನಂಬುತ್ತಾರೆ. ಪುಷ್ಪಕ್ಕ ನನ್ನ ಕಾಲನ್ನು ಮೇಜಿನ ಕೆಳಗೆ ಮೆಲ್ಲಗೆ ತುಳಿಯುತ್ತಾಳೆ. ಹೇಳು ಅಂತ. ತುಳಿ ತಾಯೀ, ಇನ್ನೂ ಸ್ವಲ್ಪ ತುಳಿ, ನನ್ನ ಸೆರಗಿನ ಒಳಗೆ ನಮ್ಮಪ್ಪ ಕೊಟ್ಟ ಅವಲಕ್ಕಿ ಸರ ಇದೆ, ನಿನಗೆ ಗೊತ್ತಿಲ್ಲ, ಇವತ್ತು ಬೇಕೆಂದೇ ಹಾಕಿಕೊಂಡು ಬಂದಿದ್ದೇನೆ.

ಅವಲಕ್ಕಿ ಸರ, ತೆಳ್ಳಗೆ ಕುಟ್ಟಿದ ಪುಟ್ಟಪುಟ್ಟ ಚಿನ್ನದ ಎಲೆ, ಒಂದೊಂದು ಎಲೆಗೂ ಒಂದೊಂದು ಕೊಂಡಿ, ಕೊಂಡಿಗೆ ಬೆಸುಗೆ, ಶಂಕರನಾರಾಯಣ ಆಚಾರ್ರು ಹಳೇ ಭದ್ರಾವತಿಯ ತಮ್ಮ ಮನೆ ಜಗಲಿಯಲ್ಲಿ ಕೂತು ಊದುಗೊಳವೆ ಊದಿ ಮೂರು ತಿಂಗಳು ಮಾಡಿದ್ದು, ನಮ್ಮಪ್ಪ ಜಯಪ್ಪ, ಆಚಾರ್ರ ಬಾಲ್ಯದ ಗೆಳೆಯ, ಕಬ್ಬಿಣದ ಕಾರ್ಖಾನೆಯ ಕುಲುಮೆ ಶಿಫ್ಟ್ ಮುಗಿಸಿ ಹೋಗಿ ಆ ಜಗಲಿಯಲ್ಲೇ ಕೂರುತ್ತಿದ್ದ, ನಿಂದು ದೊಡ್ಡ ಬೆಂಕಿ ನಂದು ಸಣ್ಣ ಬೆಂಕಿ ಕಣೋ ಜಯಪ್ಪ ಅಂತ ಆಚಾರ್ರು ನಗುತ್ತಿದ್ದರು. ನನ್ನ ಮದುವೆಯ ವರಪೂಜೆಯ ದಿನ ಮಧ್ಯಾಹ್ನ, ಛತ್ರದಲ್ಲಿ, ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಒಡವೆ ನೋಡುವುದು ಎಲ್ಲರಲ್ಲೂ ಇರುವುದೇ, ನೋಡಿ ಕುಂಕುಮ ಹಚ್ಚಿ ವಾಪಸ್ ಕೊಡುತ್ತಾರೆ, ಯಾರಾದರೂ ಒರೆಗಲ್ಲು ತರುತ್ತಾರೆಯೇ? ಪುಷ್ಪಕ್ಕ ಕೋಟೆ ಕಡೆಯ ಒಬ್ಬ ಅಕ್ಕಸಾಲಿಗನನ್ನೇ ಕರಕೊಂಡು ಬಂದಿದ್ದಳು, ನೆಂಟನ ಹಾಗೆ, ಅವನು ಚಾಪೆ ಮೇಲೆ ಕೂತು ಜೇಬಿಂದ ಕರೀ ಕಲ್ಲು ತೆಗೆದ, ಸರ ಉಜ್ಜಿದ, ಆಸಿಡ್ ಹನಿ ಬಿಟ್ಟ, ಹಳದಿ ಗೆರೆ ಬಿಳಿಚಿಕೊಂಡಿತು, ಪುಷ್ಪಕ್ಕ ಆ ಕಲ್ಲನ್ನು ಕೈಯಲ್ಲಿ ಹಿಡಿದು ಕೋಣೆ ತುಂಬ ತೋರಿಸಿದಳು, ಪ್ರಸಾದ ತೋರಿಸಿದ ಹಾಗೆ, ನೋಡ್ರೇ, ಕಲಬೆರಕೆ, ಕಾರ್ಖಾನೆ ಕೆಲಸದೋರು ಅಲ್ವಾ, ತುಕ್ಕು ಸೇರ್ಸಿ ಕೊಟ್ಟಿದ್ದಾರೆ, ಇಂಥಾ ಊರೋರನ್ನ ನಂಬೋಕಾಗಲ್ಲ. ಎಲ್ಲರೂ ನಕ್ಕರು. ಅಪ್ಪನನ್ನು ಕರೆಸಿದರು. ಅಪ್ಪ ಬಾಗಿಲ ಹತ್ತಿರ ನಿಂತು ಕೈಮುಗಿದ, ತಪ್ಪಾಯ್ತು ತಾಯೀ ಅಂದ, ನನ್ನ ಅಪ್ಪ, ಯಾವ ಫೋರ್‌ಮ್ಯಾನಿಗೂ ತಲೆ ಬಗ್ಗಿಸದವನು, ಇಪ್ಪತ್ತಾರು ವರ್ಷದ ಆ ಹುಡುಗಿಗೆ ತಪ್ಪಾಯ್ತು ತಾಯೀ ಅಂದ, ನಾನು ಅರಿಶಿಣ ಹಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದೆ, ಮಾತಾಡಬೇಕಿತ್ತು, ಆಡಲಿಲ್ಲ, ಮದುವೆ ಹೆಣ್ಣು ಮಾತಾಡಬಾರದಂತೆ. ಅಪ್ಪ ಆ ರಾತ್ರಿಯೇ ಆಚಾರ್ರ ಮನೆಗೆ ಹೋಗಿ ಜಗಲಿಯಲ್ಲಿ ನಿಂತು ಕಳ್ಳ ಅಂದನಂತೆ, ನಲವತ್ತು ವರ್ಷದ ಸ್ನೇಹಿತನಿಗೆ, ಊರೆಲ್ಲ ಕೇಳುವ ಹಾಗೆ. ಅದಾದ ಮೇಲೆ ಇಬ್ಬರೂ ಮಾತಾಡಲಿಲ್ಲ. ಅಪ್ಪ ಹೋದ ದಿನ ಆಚಾರ್ರು ಬಂದು ಗೇಟಿನ ಹೊರಗೇ ನಿಂತಿದ್ದರು, ಒಳಗೆ ಬನ್ನಿ ಅಂದರೂ ಬರಲಿಲ್ಲ, ನಾನು ಬರೋ ಹಾಗಿಲ್ಲಮ್ಮ ಅಂದರು.

ಎಷ್ಟೋ ವರ್ಷವಾದ ಮೇಲೆ, ಸರದ ಒಂದು ಕೊಂಡಿ ಬಿಟ್ಟಿತ್ತು, ಸರಿ ಮಾಡಿಸಲು ಬೇರೆ ಯಾರ ಹತ್ತಿರ ಹೋಗಲಿ, ಆಚಾರ್ರ ಹತ್ತಿರವೇ ಹೋದೆ, ಅವರು ಕಣ್ಣಿಗೆ ಭೂತಗಾಜು ಹಿಡಿದು ಬಹಳ ಹೊತ್ತು ನೋಡಿದರು, ಇಲ್ಲಿ ಉಜ್ಜಿದಾನೆ ನೋಡಮ್ಮ, ಕೊಂಡಿ ಮೇಲೆ, ಬೆಸುಗೆ ಮೇಲೆ, ಬೆಸುಗೆ ಬೇಗ ಕರಗ್ಬೇಕು ಅಂತ ಬೆಳ್ಳಿ ತಾಮ್ರ ಸೇರಿಸ್ಲೇಬೇಕು, ಅಲ್ಲಿ ಉಜ್ಜಿದ್ರೆ ಯಾವ ಮಹಾರಾಜನ ಚಿನ್ನಾನೂ ಬಿಳಿಚ್ಕೊಳ್ಳತ್ತೆ, ಎಲೆ ಮೇಲೆ ಉಜ್ಜಬೇಕಿತ್ತು, ಅಕ್ಕಸಾಲಿ ಆದೋನಿಗೆ ಇದು ಗೊತ್ತಿರ್ಬೇಕು — ಇಷ್ಟೇ ಅಂದರು, ಬೈಯಲಿಲ್ಲ, ಕೊಂಡಿ ಕೂಡಿಸಿ ಕೊಟ್ಟರು. ಅವತ್ತು ಮನೆಗೆ ಬಂದು ಮಷೀನ್ ಮುಂದೆ ಕೂತು ಗಳಗಳ ಅತ್ತೆ. ಗಣೇಶ್, ನನ್ನ ಗಂಡ, ಒಳ್ಳೆಯವರೇ, ಹಳೇದು ಬಿಡು ಮಾರಾಯ್ತಿ, ಅತ್ತಿಗೆಗೆ ಗೊತ್ತಾಗದೆ ಆಗಿದ್ದು ಅಂದರು. ಗೊತ್ತಾಗದೆ! ಇರಬಹುದು, ನಾನೂ ಹಾಗೇ ಅಂದುಕೊಂಡಿದ್ದೆ, ಗೊತ್ತಿಲ್ಲದ ಹೆಂಗಸು, ಕಲ್ಲು ಕಂಡಳು ಕುಣಿದಳು, ಆದರೂ ಬಿಡುವುದಿಲ್ಲ ಅಂದುಕೊಂಡೆ, ಇವತ್ತಲ್ಲ ನಾಳೆ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಓರಗಿತ್ತಿಗೂ ಒಂದು ಕಾಲ ಬರುತ್ತದೆ, ಕೋಣೆ ತುಂಬ ಜನರ ಎದುರು ಅಂದದ್ದನ್ನು ಜನರ ಎದುರೇ ನುಂಗಿಸಬೇಕು, ಮೂಲೆಯಲ್ಲಿ ಕರೆದು ಸಾರಿ ಕಣೇ ಅಂದರೆ ನನಗೆ ಬೇಡ.

ಬಂತು. ಈಗ ಬಂದಿದೆ. ಹೇಳಿದೆ, ತುಳಿಸಿಕೊಂಡ ಕಾಲನ್ನು ಹಿಂದೆಳೆದುಕೊಂಡು ಹೇಳಿದೆ, ಸಾವಿತ್ರಮ್ಮನೋರೇ, ಇಲ್ಲಿ ಡಿಸೈನ್ ಚೆನ್ನಾಗಿದೆ, ಆದ್ರೆ ಮಷೀನ್ ಕೆಲಸ, ಬ್ಲೌಸಲ್ಲಿ ರೆಡಿಮೇಡಿಗೂ ನಾನು ಹೊಲಿದಿದ್ದಕ್ಕೂ ಇರೋ ವ್ಯತ್ಯಾಸ ನಿಮಗೆ ಗೊತ್ತಲ್ಲ, ಭದ್ರಾವತೀಲಿ ಶಂಕರನಾರಾಯಣ ಆಚಾರ್ರು ಅಂತ ಇದ್ದಾರೆ, ಈಗ ಅವರ ಮಗಾನೂ ಕೂತ್ಕೋತಾನೆ, ಹಾಲ್‌ಮಾರ್ಕ್ ಹಾಕ್ಸೇ ಕೊಡ್ತಾರೆ. ಪುಷ್ಪಕ್ಕ ಉಸಿರು ಬಿಟ್ಟಿದ್ದು ನನಗೆ ಕೇಳಿತು. ಸಾವಿತ್ರಮ್ಮ ನನ್ನನ್ನೇ ನೋಡಿದರು, ಎಂಥೋರು ವಾಣಿ ಅವರು, ನಂಬಬಹುದಾ, ನೀನು ಹೂಂ ಅಂದ್ರೆ ನಂಗೆ ಡಬ್ಬಿ ಬೇಡ. ಒಂದು ಹೂಂ, ಅಷ್ಟೇ ಸಾಕಿತ್ತು, ಪುಷ್ಪಕ್ಕನ ಕಣ್ಣು ನನ್ನ ತುಟಿಯ ಮೇಲೆ, ಬೆಕ್ಕು ಹಾಲಿನ ಪಾತ್ರೆ ನೋಡಿದ ಹಾಗೆ. ನಾನು ಸೆರಗಿನೊಳಗಿಂದ ಸರ ತೆಗೆದು ಮೇಜಿನ ಮೇಲಿಟ್ಟೆ. ಇದು ಅವರೇ ಮಾಡಿದ್ದು ಅಂದೆ, ಅಂಗಡಿಯ ಹುಡುಗಿಯ ಕಡೆ ತಿರುಗಿ, ನಿಮ್ಮಲ್ಲಿ ಕ್ಯಾರೆಟ್ ನೋಡೋ ಮಷೀನ್ ಇದ್ಯಲ್ಲ, ಸ್ವಲ್ಪ ನೋಡ್ಕೊಂಡ್ ಬನ್ನಿ, ಎಲೆ ಮೇಲೆ ನೋಡಿ, ಕೊಂಡಿ ಮೇಲೆ ಬೇಡ. ಅವಳು ಟ್ರೇಯಲ್ಲಿ ತೆಗೆದುಕೊಂಡು ಹೋದಳು. ಪುಷ್ಪಕ್ಕನ ಮುಖ ನೋಡಬೇಕಿತ್ತು, ಸರದ ಗುರುತು ಸಿಕ್ಕಿತ್ತು, ಅಡಿಕೆ ಸಿಪ್ಪೆ ಗಂಟಲಲ್ಲಿ ಸಿಕ್ಕವಳ ಹಾಗೆ. ಮಷೀನ್ ಹೇಳೋದು ಹೇಳ್ಲಿ ಸಾವಿತ್ರಮ್ಮನೋರೇ, ನನ್ನ ಮಾತೂ ಬೇಡ, ಆಚಾರ್ರ ಚಿನ್ನ ಎಂಥದ್ದು ಅಂತ ಅಕ್ಕನ್ನೇ ಕೇಳಿ, ನನ್ನ ಮದುವೆಲಿ ಇದೇ ಸರಾನ ಇವ್ರೇ ಒರೆ ಹಚ್ಚಿಸಿ ನೋಡಿದ್ದು. ನನ್ನ ದನಿ ಎಷ್ಟು ಮೃದುವಾಗಿತ್ತು! ನನಗೇ ಆಶ್ಚರ್ಯ. ಕೆಟ್ಟದ್ದು ಅಂದರೆ ಈ ಕಡುಗೆಂಪು ಡಬ್ಬಿಯನ್ನೇ ಕೊಳ್ಳಬೇಕು, ಒಳ್ಳೆಯದು ಅಂದರೆ ಅವತ್ತಿನದು ಸುಳ್ಳಾಗಬೇಕು, ಎತ್ತ ಹೋಗ್ತೀಯ ಹೋಗು.

ಒಳ್ಳೇದು, ಅಂದಳು ಪುಷ್ಪಕ್ಕ. ಕೇಳಿಸ್ಲಿಲ್ಲ ಅಕ್ಕಾ, ಅಂದೆ ನಾನು. ಒಳ್ಳೆ ಚಿನ್ನ, ಅಪ್ಪಟ ಚಿನ್ನ, ಅಂದಳು, ಜೋರಾಗಿ, ಪಕ್ಕದ ಕೌಂಟರಿನವರು ತಿರುಗಿ ನೋಡುವಷ್ಟು. ಆಹಾ. ಇಪ್ಪತ್ತೊಂದು ವರ್ಷ. ಅಷ್ಟಕ್ಕೇ ಏಳಬಹುದಿತ್ತು, ಹಾಲು ಕುಡಿದು ಎದ್ದು ಆಚಾರ್ರಿಗೆ ಫೋನ್ ಮಾಡಬಹುದಿತ್ತು, ಹೊಟ್ಟೆ ತುಂಬಿದವರು ಎಲೆ ಮಡಚಬೇಕು, ನಾನು ಮಡಚಲಿಲ್ಲ, ನನ್ನ ಬಾಯಿ ತಾನೇ ಕೇಳಿತು, ಹಾಗಿದ್ರೆ ಅವತ್ತು ಯಾಕಕ್ಕಾ ಕಲಬೆರಕೆ ಅಂದ್ರಿ, ನಮ್ಮಪ್ಪ ಕೈಮುಗಿದು ನಿಂತಿದ್ರಲ್ಲ. ಪುಷ್ಪಕ್ಕ ಸಾವಿತ್ರಮ್ಮನ ಕಡೆ ತಿರುಗಿದಳು, ನನ್ನ ಕಡೆ ಅಲ್ಲ, ನನ್ನ ತಪ್ಪಲ್ಲ ಬೀಗಿತ್ತಿ, ಆ ಅಕ್ಕಸಾಲಿಗ ಮಾಡಿದ ಎಡವಟ್ಟು, ಬೆಸುಗೆ ಮೇಲೆ ಉಜ್ಜಿಬಿಟ್ಟಿದ್ದ, ಸರ ಇನ್ನೂ ನಮ್ಮ ಹತ್ರಾನೇ ಇತ್ತು, ಅವನೇ ಸಂಜೆ ಬಂದು ಹೇಳಿದ, ಅಮ್ಮಾ ಎಲೆ ಮೇಲೆ ಮತ್ತೆ ಉಜ್ಜಿ ನೋಡಿದೆ ಚೊಕ್ಕ ಚಿನ್ನ ಅಂತ, ಅಷ್ಟ್ರಲ್ಲಿ ಆಗೋದು ಆಗಿಹೋಗಿತ್ತು, ಬೆಳಿಗ್ಗೆ ಮುಹೂರ್ತ, ಮತ್ತೆ ಯಾಕೆ ಕೆದಕೋದು ಅಂತ — ಅಲ್ಲಿಗೇ ನಿಂತಳು. ಏನು ಹೇಳಿದೆ ಅಂತ ಅವಳಿಗೇ ಆಗ ಗೊತ್ತಾಯಿತು. ಸಂಜೆ. ವರಪೂಜೆಯ ಸಂಜೆ. ಅಪ್ಪ ಆಚಾರ್ರ ಜಗಲಿಗೆ ಹೋಗುವ ಮುಂಚೆ. ಒಂದು ಮಾತು, ಜಯಪ್ಪನೋರೇ ಚಿನ್ನ ಸರಿ ಇದೆ ಅಂತ ಒಂದೇ ಮಾತು, ಛತ್ರದ ಈ ಬಾಗಿಲಿಂದ ಆ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ನಡೆಯಲಿಲ್ಲ ಈ ಹೆಂಗಸು, ಪಾಯಸ ಉಂಡು ಮಲಗಿದಳು. ಗೊತ್ತಾಗದೆ ಆಗಿದ್ದಲ್ಲ ಗಣೇಶ್, ಗೊತ್ತಿದ್ದೇ ಆಗಿದ್ದು. ಅಯ್ಯೋ ಅಪ್ಪಾ. ನಿನ್ನನ್ನು ಸುಡಬಾರದಿತ್ತು ಈ ಮಾತು ಕೇಳುವವರೆಗೆ. ಸಾಯಲಿ, ಇವಳ ಮನೆ ಹಾಳಾಗಲಿ, ಈ ಮದುವೆ ಮುರಿದು ಬೀಳಲಿ, ಸಾವಿತ್ರಮ್ಮ ಎದ್ದು ಹೋಗಲಿ — ಸಾವಿತ್ರಮ್ಮ ಎದ್ದಿಲ್ಲ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಾರೆ, ಮೆಲ್ಲಗೆ, ಗೊತ್ತಿದ್ದೂ ಹೇಳ್ಲಿಲ್ವಾ ಪುಷ್ಪಾ ಅಂತ ಕೇಳುತ್ತಾರೆ, ಪುಷ್ಪಕ್ಕ ತಲೆ ತಗ್ಗಿಸುತ್ತಾಳೆ, ಇದೇ ನಾನು ಬಯಸಿದ್ದು, ಇದೇ ಮುಖ, ಇದೇ ಬಗ್ಗಿದ ತಲೆ, ನೋಡು ವಾಣಿ, ಹೊಟ್ಟೆ ತುಂಬ ನೋಡು.

ಅಂಗಡಿಯ ಹುಡುಗಿ ಟ್ರೇ ಹಿಡಿದು ವಾಪಸು ಬರುತ್ತಿದ್ದಾಳೆ, ತೊಂಬತ್ತೊಂದು ಪಾಯಿಂಟ್ ಏಳು ಮೇಡಂ, ಒಳ್ಳೆ ಇಪ್ಪತ್ತೆರಡು ಕ್ಯಾರೆಟ್ ಅನ್ನುತ್ತಾಳೆ, ಯಾರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ, ಯಾಕೆಂದರೆ ಕನ್ನಡಿಯ ಮುಂದೆ ರಕ್ಷಾ ಕೂತೇ ಇದ್ದಾಳೆ, ಅವಳನ್ನು ಮರೆತೇಬಿಟ್ಟಿದ್ದೆವು, ನಾವು ಮೂವರೂ, ಅವಳು ಎಲ್ಲ ಕೇಳಿಸಿಕೊಂಡಿದ್ದಾಳೆ, ತಾಯಿಯನ್ನು ನೋಡುವುದಿಲ್ಲ, ಅತ್ತೆಯಾಗುವವರನ್ನು ನೋಡುವುದಿಲ್ಲ, ಕನ್ನಡಿಯೊಳಗಿಂದ ನನ್ನನ್ನು ನೋಡುತ್ತಾಳೆ, ಆಮೇಲೆ ಅದನ್ನೂ ಬಿಟ್ಟು, ಅಂಗಡಿಯವರ ಆ ದೊಡ್ಡ ಸರವನ್ನು ಬಿಚ್ಚಲು ಎರಡೂ ಕೈ ಕತ್ತಿನ ಹಿಂದಕ್ಕೆ ಒಯ್ಯುತ್ತಾಳೆ. ಹುಕ್ಕು ಸಿಗುತ್ತಿಲ್ಲ. ಎದ್ದು ಹೋಗಬೇಕು, ನಾಲ್ಕು ಹೆಜ್ಜೆ, ದಿನಾ ನೂರು ಹುಕ್ಕು ಹಾಕುವ ಕೈ ನನ್ನದು, ಕಣ್ಣು ಮುಚ್ಚಿ ಬಿಚ್ಚುತ್ತೇನೆ, ಬಾ ಮಗಾ ಅಂದರೆ ಸಾಕು, ಏಳು ವಾಣಿ, ಇವಳು ಏನು ಮಾಡಿದ್ದಾಳೆ ನಿನಗೆ, ಅಂದುಕೊಳ್ಳುತ್ತೇನೆ, ಕಾಲು ಏಳುವುದಿಲ್ಲ, ಒಳಗೆ ಇನ್ನೂ ಉರಿಯುತ್ತಿದೆ, ಪುಷ್ಪಕ್ಕ ನೋಡಲಿ ಅನಿಸುತ್ತಿದೆ, ಇನ್ನೊಂದು ಗಳಿಗೆ ನೋಡಲಿ, ತನ್ನ ಮಗಳು ಎಲ್ಲರ ಎದುರು ಹೀಗೆ, ತಲೆ ಬಗ್ಗಿಸಿ, ಮೊಣಕೈ ಎರಡೂ ಮೇಲೆತ್ತಿ, ಹುಕ್ಕು ಬರುತ್ತಿಲ್ಲ, ಕೂದಲು ಸಿಕ್ಕಿಕೊಂಡಿದೆ, ಎಳೆಯುತ್ತಾಳೆ, ಚರ್ಮ ಕೆಂಪಾಗಿದೆ, ಯಾರೂ ಏಳುವುದಿಲ್ಲ, ನಾನು ಏಳುವುದಿಲ್ಲ, ಆ ಹುಡುಗಿಯ ಕತ್ತು, ಎರಡು ಕೈ, ಬಾರದ ಹುಕ್ಕು, ಎರಡು ಕೈ —