ನಡುಗುವ ಕೈಗೆ ಒಡ್ಡಿದ ಕುತ್ತಿಗೆ

ಆ ಬೀದಿಯ ಕ್ಷೌರಿಕನ ಕೈ ಎಂಥದ್ದಾಗಿತ್ತೆಂದರೆ, ಅಂಗಡಿಯೊಳಗೆ ಹಾದುಹೋದ ನೊಣ ಕೂಡ ಹೊರಗೆ ಬರುವಾಗ ನುಣ್ಣಗೆ ಹೊಳೆಯುತ್ತಿತ್ತು. ಮೂವತ್ತು ವರ್ಷಗಳಲ್ಲಿ ಅವನು ಹನ್ನೊಂದು ಲಕ್ಷ ಗಡ್ಡ ಹೆರೆದಿದ್ದ. ನಂಬದವರು ಬೇಕಾದರೆ ಒಂದೆರಡು ಗಡ್ಡ ಕಡಿಮೆ ಮಾಡಿಕೊಳ್ಳಬಹುದು, ಅದಕ್ಕಿಂತ ಹೆಚ್ಚು ಬಿಡಲಾಗದು.

ಮೂರು ತಿಂಗಳ ಹಿಂದೆ, ಅಂಗಡಿಯ ಹಿಂದಿನ ಕೋಣೆಯಲ್ಲಿ ಟವೆಲ್ ಹಿಂಡುತ್ತಿದ್ದ ಅವನ ಹೆಂಡತಿ ಹಾಗೇ ಕುಸಿದು ತೀರಿಕೊಂಡಳು. ಅಂದಿನಿಂದ ಅವನ ಬಲಗೈಗೆ ನಡುಕ. ಸಣ್ಣ ನಡುಕವೇ? ಕತ್ತಿ ಹಿಡಿದರೆ ಎದುರಿನ ಕನ್ನಡಿ, ಕನ್ನಡಿಯೊಳಗಿನ ಬೀದಿ, ಬೀದಿಯಾಚೆಯ ಮೂರಂತಸ್ತಿನ ಮನೆ ಎಲ್ಲವೂ ಗಡಗಡ ನಡುಗುತ್ತಿದ್ದವು.

ಸಮಾಧಾನ ಹೇಳುವವರಿಗೇನೂ ಬರವಿರಲಿಲ್ಲ. ದೇವರ ಮನಸ್ಸಿನಲ್ಲಿ ಏನಿದೆಯೆಂದು ಬಲ್ಲವರು ಒಂದೇ ಬೀದಿಯಲ್ಲಿ ಇಷ್ಟೊಂದು ಜನ ಇದ್ದಾರೆಂದು ಅವನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಅವರಲ್ಲಿ ನಿವೃತ್ತ ಮೇಷ್ಟ್ರಂತೂ ದೇವರ ಖಾಸಾ ಕಾರ್ಯದರ್ಶಿ. ಕುರ್ಚಿಗೆ ಒರಗಿ ಅವರು ಅಪ್ಪಣೆ ಕೊಡಿಸಿದರು:

"ಅವನು ಏನೋ ಉದ್ದೇಶ ಇಟ್ಕೊಂಡೇ ಮಾಡಿರ್ತಾನೆ ಕಣಯ್ಯಾ. ಸುಮ್ನೆ ನಂಬಿಬಿಡ್ಬೇಕು. ನನ್ನ ನೋಡು, ಪೂರ್ತಿ ಅವನ ಕೈಗೆ ಒಪ್ಪಿಸಿ ನಿಶ್ಚಿಂತೆಯಾಗಿದೀನಿ."

"ಆಗ್ಲಿ ಮೇಷ್ಟ್ರೇ. ಗಡ್ಡ ಮಾಡ್ಲಾ?"

ಮೇಷ್ಟ್ರಿಗೆ ಕನ್ನಡಿಯಲ್ಲಿ ಕತ್ತಿ ಕಂಡಿತು. "ಅಯ್ಯಯ್ಯೋ, ಗಡ್ಡ ಬೇಡಪ್ಪಾ! ಬರೀ ಕೂದ್ಲು. ಅದೂ ಹಿಂದ್ಗಡೆ ಸ್ವಲ್ಪ, ಮಿಷಿನ್ನಲ್ಲಿ."

ಹೀಗೆ ದೇವರನ್ನು ಪೂರ್ತಿ ನಂಬಿದವರ ಗಡ್ಡಗಳೆಲ್ಲ ಬೆಳೆದು ಮೊಣಕಾಲು ಮುಟ್ಟಿದವು. ಕ್ಷೌರಿಕ ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದ. ಸೋಮವಾರ ಕುರ್ಚಿ ಕೊಂಡೊಯ್ಯಲು ಹಳೇ ಸಾಮಾನಿನವನಿಗೆ ಹೇಳಿಯೂ ಆಯಿತು. ದೇವರ ಜೊತೆ ಮಾತು ಬಿಟ್ಟು ಆಗಲೇ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಕೈ ಮುಗಿಯುವ ಬದಲು, "ನಿನ್ನ ಜೊತೆ ಮಾತಿಲ್ಲ" ಎಂದು ಅವನಿಗೆ ದಿನವೂ ತಪ್ಪದೆ ಹೇಳುತ್ತಿದ್ದ.

ಶನಿವಾರ ಮಾವ ಬಂದ. ತೀರಿಕೊಂಡವಳ ಅಪ್ಪ, ಬಡಗಿ. ಆ ಕುರ್ಚಿಯನ್ನು ಮಗಳ ಮದುವೆಗೆಂದು ಮಾಡಿಕೊಟ್ಟವನು ಅವನೇ. ಮಗಳು ಹೋದಮೇಲೆ ಇತ್ತ ತಲೆ ಹಾಕಿರಲಿಲ್ಲ. ಬಂದವನೇ ಕುರ್ಚಿಯಲ್ಲಿ ಕೂತ.

"ಗಡ್ಡ ಮಾಡು ಅಳಿಯಾ."

"ಈ ಕುರ್ಚಿ ಸೋಮವಾರ ಹೋಗುತ್ತೆ, ಮಾವ."

"ಇವತ್ತು ಶನಿವಾರ ತಾನೆ?"

"ಕೈ ನಡುಗುತ್ತೆ."

"ಹೆಣ್ಣು ಕೇಳೋಕೆ ಬಂದಾಗ ನಡುಗ್ಲಿಲ್ವಾ?"

ನಡುಗಿತ್ತು. 'ಮೊದಲು ನನ್ನ ಗಡ್ಡ ಮಾಡು, ಹೆಣ್ಣಿನ ಮಾತು ಆಮೇಲೆ' ಎಂದು ಮಾವ ಆವತ್ತು ಅಂಗಳದಲ್ಲೇ ಕುತ್ತಿಗೆ ಒಡ್ಡಿ ಕೂತಿದ್ದ. ಹುಡುಗ ಗದ್ದದ ಕೆಳಗೆ ಕುಯ್ದೇಬಿಟ್ಟಿದ್ದ. ಗುರುತು ಈಗಲೂ ಇತ್ತು.

"ಕುಯ್ದವನಿಗೆ ಮಗಳನ್ನ ಯಾಕೆ ಕೊಟ್ರಿ?"

"ರಕ್ತ ಕಂಡು ನನಗಿಂತ ಮುಂಚೆ ನೀನು ಅತ್ತುಬಿಟ್ಟೆಯಲ್ಲೋ. ಅದಕ್ಕೆ."

ಅಳಿಯ ಬ್ರಷ್ಷಿನಲ್ಲಿ ನೊರೆ ಎಬ್ಬಿಸುತ್ತಲೇ ಹೋದ. ನೊರೆ ಬಟ್ಟಲು ತುಂಬಿ ಮೇಜಿಗೆ ಇಳಿಯಿತು.

"ದೇವರು ಯಾಕೆ ಹೀಗೆ ಮಾಡ್ದ, ಮಾವ?"

"ನನಗೇನ್ ಗೊತ್ತು? ಮೇಷ್ಟ್ರನ್ನ ಕೇಳು, ದಿನಾ ಮಾತುಕತೆ ಇರೋದು ಅವರಿಗೇ." ಮುದುಕ ತಾನೇ ಮಾಡಿದ ಕುರ್ಚಿಯ ಕೈಯನ್ನು ಸವರಿದ. "ನನ್ನ ಮಗಳು ಕಣೋ. ಮೂರು ತಿಂಗಳು ಅವನನ್ನ ಬಾಯಿಗೆ ಬಂದಂಗೆ ಬೈದೆ. ಕೇಳಿಸ್ಕೊಂಡ. ಎದ್ದು ಹೋಗ್ಲಿಲ್ಲ. ಹಂಗಾಗಿ... ಕುಯ್ದ ಕೈಗೇ ಮತ್ತೆ ಕುತ್ತಿಗೆ ಕೊಟ್ಟು ನನಗೆ ಅಭ್ಯಾಸ. ಬಾ, ನೊರೆ ಒಣಗುತ್ತೆ."

ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿದ. ಅಳಿಯ ನೊರೆ ಬಳಿದು ಕತ್ತಿ ಎತ್ತುವಷ್ಟರಲ್ಲಿ ಗೊರಕೆ. ಮೂರು ಬೀದಿಯಾಚೆಯ ಕಿಟಕಿಗಳು ಅದುರುವಂಥ ಗೊರಕೆ. ನಡುಗುವ ಕತ್ತಿಯ ಕೆಳಗೆ ಮನುಷ್ಯ ನಿದ್ದೆ ಹೋಗುವುದುಂಟೇ? ಕ್ಷೌರಿಕ ದಂಗಾಗಿ ನಿಂತ. ಆಮೇಲೆ ಎಡಗೈ ಹೆಬ್ಬೆರಳಿನಿಂದ ಚರ್ಮ ಬಿಗಿಹಿಡಿದ. ಉಸಿರು ಒಳಗೆ ಹೋದಾಗ ಕಾದ, ಹೊರಬಂದಾಗ ಕತ್ತಿ ಎಳೆದ. ಒಂದು ಗಡ್ಡಕ್ಕೆ ಎರಡು ಗಂಟೆ ಹಿಡಿಯಿತು. ಹಳೆಯ ಗುರುತಿನ ಪಕ್ಕದಲ್ಲೇ ಒಂದು ಹನಿ ರಕ್ತ ಮೂಡಿತು. ಅದನ್ನು ಒತ್ತಿ ಹಿಡಿದು ಅವನು ಬಿಕ್ಕಿದ. ಮೂರು ತಿಂಗಳಲ್ಲಿ ಅದೇ ಮೊದಲು.

ಮಾವ ಒಂದು ಕಣ್ಣು ತೆರೆದ. "ಕುಯ್ದ್ಯಾ?"

"ಒಂದೇ ಹನಿ."

"ಪರವಾಗಿಲ್ಲ, ಸುಧಾರಿಸಿದೀಯ."

ಸೋಮವಾರ ಬೆಳಿಗ್ಗೆ ಕ್ಷೌರಿಕ ಎದ್ದು, ಎಂದಿನಂತೆ "ನಿನ್ನ ಜೊತೆ ಮಾತಿಲ್ಲ" ಎಂದ. ಕೈಗಳು ಮಾತ್ರ ಅವನನ್ನು ಕೇಳದೆ ಜೋಡಿಯಾಗಿ ಎದೆಯೆದುರು ನಿಂತಿದ್ದವು. ನಡುಗುತ್ತಿದ್ದವು, ನಿಜ. ಆಮೇಲೆ ಅಂಗಡಿ ತೆರೆದ. ಕುರ್ಚಿ ಒಯ್ಯಲು ಬಂದ ಹಳೇ ಸಾಮಾನಿನವನನ್ನು ಅದೇ ಕುರ್ಚಿಯಲ್ಲಿ ಒತ್ತಿ ಕೂರಿಸಿ, ಅವನು ಬಾಯಿ ತೆರೆಯುವ ಮೊದಲೇ ಮುಖಕ್ಕೆ ನೊರೆ ಬಳಿದ.